ಚೀಟಿ ಕೌಂಟರಿನಿಂದ ಸ್ನೇಹ ಕ್ಲಿನಿಕ್‌ವರೆಗೆ: ಆಪ್ತಸಮಾಲೋಚಕಿಯೊಬ್ಬಳ ಅನುಭವ

ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 2014ರ ಜನವರಿ 7ರಂದು ಆರಂಭವಾಯಿತು. 10ರಿಂದ 19 ವರ್ಷದವರಿಗಾಗಿ ಆ ಕಾರ್ಯಕ್ರಮದಡಿ ನಡೆಯುವ ಚಿಕಿತ್ಸಾಲಯಗಳಿಗೆ ಕರ್ನಾಟಕದಲ್ಲಿ ಸ್ನೇಹ ಕ್ಲಿನಿಕ್ ಎಂದು ಹೆಸರು. ಕಲ್ಯಾಣ ಕರ್ನಾಟಕದ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಅಂಥ ಕ್ಲಿನಿಕ್‌ನ ಆಪ್ತಸಮಾಲೋಚಕಿಯಾಗಿ ನಾನು ಹಲವು ವರ್ಷಗಳಿಂದ ಗುತ್ತಿಗೆ ಆಧಾರದ ಮೇಲೆ ಕೆಲಸ ಮಾಡುತ್ತಿದ್ದೇನೆ. ಬಡ ದೇಶಗಳ ಹದಿಹರೆಯದವರಿಗೆ ಸಂತಾನೋತ್ಪತ್ತಿ ಆರೋಗ್ಯದ ಸೇವೆ ಸಿಗುತ್ತಿಲ್ಲ ಎಂಬ ಮಾತು ಬಂದಾಗಲೆಲ್ಲ ಔಷಧ, ವೈದ್ಯರು, ಹಣ ಇವುಗಳ ಕೊರತೆಯೇ ಚರ್ಚೆಗೆ ಬರುತ್ತದೆ. ನಮ್ಮ ಆಸ್ಪತ್ರೆಯಲ್ಲಿ ನಿರೋಧ್ ಕಾಂಡೋಮ್, ಮಾಲಾ-ಎನ್ ಮತ್ತು ಛಾಯಾ ಎಂಬ ಗರ್ಭನಿರೋಧಕ ಮಾತ್ರೆಗಳು, ಅಂತರಾ ಎಂಬ ಗರ್ಭನಿರೋಧಕ ಚುಚ್ಚುಮದ್ದು, ಎಲ್ಲವೂ ಉಚಿತವಾಗಿ ಇದ್ದವು. ಆದರೂ ನನ್ನ ಕೋಣೆಯ ಬೆಂಚು ಖಾಲಿಯಾಗಿಯೇ ಇರುತ್ತಿತ್ತು. ಔಷಧವಿಲ್ಲವೆಂದು ವಾಪಸಾದ ಮಕ್ಕಳಿಗಿಂತ ಚೀಟಿ ಕೌಂಟರಿನಿಂದಲೇ ಬೇರೆ ಕಡೆ ತಿರುಗಿ ಹೋದವರು ಹೆಚ್ಚು ಎಂಬುದು ತಿಳಿಯಲು ನಾನು ಕೆಲವು ದಿನ ಬೆಳಗಿನ ಹೊತ್ತು ಆ ಕೌಂಟರಿನ ಪಕ್ಕದಲ್ಲೇ ಕೂರಬೇಕಾಯಿತು.

ಅಲ್ಲಿ ಕಂಡದ್ದು ಇಷ್ಟು. ಗಾಜಿನ ಹಿಂದೆ ಕುಳಿತ ಸಿಬ್ಬಂದಿಗೆ ಹೊರಗಿನ ಗದ್ದಲದಲ್ಲಿ ಏನೂ ಕೇಳಿಸದು. ಹಾಗಾಗಿ ಅವರು ಹೆಸರು, ಊರು, ತಂದೆಯ ಹೆಸರನ್ನು ಕೂಗಿಯೇ ಕೇಳುತ್ತಾರೆ, ಕೊನೆಗೆ ‘ಏನ್ ತ್ರಾಸ ಐತಿ?’ ಎನ್ನುತ್ತಾರೆ. ಸಾಲಿನಲ್ಲಿ ಹಿಂದೆ ನಿಂತವರು ಅದೇ ಬಸ್ಸಿನಲ್ಲಿ ಬಂದ ಅದೇ ಊರಿನವರು. ಬಿಳಿಸೆರಗಿನ ತೊಂದರೆಗೋ, ಎರಡು ತಿಂಗಳಿಂದ ಮುಟ್ಟು ನಿಂತದ್ದಕ್ಕೋ ಬಂದ ಹುಡುಗಿ ಅಲ್ಲಿ ‘ತಲಿನೋವು’ ಎನ್ನುತ್ತಾಳೆ, ಸಾಮಾನ್ಯ ಹೊರರೋಗಿ ವಿಭಾಗಕ್ಕೆ ಚೀಟಿ ಪಡೆಯುತ್ತಾಳೆ, ಪ್ಯಾರಾಸಿಟಮಾಲ್ ಹಿಡಿದುಕೊಂಡು ಮನೆಗೆ ಹೋಗುತ್ತಾಳೆ. ಇದರಲ್ಲಿ ಸಿಬ್ಬಂದಿಯ ಕೆಟ್ಟತನವೇನೂ ಇರಲಿಲ್ಲ.

ಮುಖ್ಯ ವೈದ್ಯಾಧಿಕಾರಿಗಳೊಂದಿಗೆ ಮಾತನಾಡಿ ಒಂದು ಸಣ್ಣ ಬದಲಾವಣೆ ಮಾಡಿಕೊಂಡೆವು. 10ರಿಂದ 19 ವಯಸ್ಸಿನವರು ಯಾರೇ ಬಂದರೂ ತೊಂದರೆ ಏನೆಂದು ಕೇಳದೆ, ಚೀಟಿಯ ಮೇಲೆ ನಮ್ಮ ಕೋಣೆಯ ಸಂಖ್ಯೆಯ ಮೊಹರು ಒತ್ತಿ ಮೊದಲು ನಮ್ಮಲ್ಲಿಗೇ ಕಳುಹಿಸುವುದು. ಜ್ವರ ಬಂದವರೂ, ಕಾಲು ಉಳುಕಿದವರೂ ಬರತೊಡಗಿದ್ದರಿಂದ ನಮ್ಮ ಬೆಂಚಿನ ಮೇಲೆ ಕುಳಿತವರಲ್ಲಿ ಯಾರು ಯಾತಕ್ಕೆ ಬಂದಿದ್ದಾರೆಂದು ಊಹಿಸಲು ಯಾರಿಗೂ ಸಾಧ್ಯವಾಗಲಿಲ್ಲ. ಕೋಣೆಯನ್ನೂ ಬದಲಿಸಿದೆವು. ಮೊದಲು ಅದು ಎಚ್‌ಐವಿ ಪರೀಕ್ಷಾ ಕೇಂದ್ರಕ್ಕೂ ಹೆರಿಗೆ ವಾರ್ಡಿಗೂ ನಡುವೆ ಇತ್ತು; ಮದುವೆಯಾಗದ ಹುಡುಗಿ ಅಲ್ಲಿ ಕುಳಿತಿದ್ದಾಳೆಂದರೆ ಸಂಜೆಯೊಳಗೆ ಊರಿಗೆ ಸುದ್ದಿ ಮುಟ್ಟುತ್ತಿತ್ತು. ಕಣ್ಣಿನ ತಪಾಸಣೆಯ ಕೋಣೆಯ ಪಕ್ಕದ ಜಾಗವನ್ನು ಕೇಳಿ ಪಡೆದುಕೊಂಡೆವು. ಬಾಗಿಲ ಮೇಲಿದ್ದ ‘ಲೈಂಗಿಕ ಮತ್ತು ಸಂತಾನೋತ್ಪತ್ತಿ ಆರೋಗ್ಯ’ ಎಂಬ ದೊಡ್ಡಕ್ಷರದ ಫಲಕವನ್ನು ಒಳಗಿನ ಗೋಡೆಗೆ ಸಾಗಿಸಿ, ಹೊರಗೆ ‘ರಕ್ತ, ತೂಕ, ಚರ್ಮ ತಪಾಸಣೆ: 10–19 ವರ್ಷ’ ಎಂದಷ್ಟೇ ಬರೆಸಿದೆವು. ಇದು ಮುಚ್ಚುಮರೆಯಲ್ಲವೇ ಎಂದು ಒಬ್ಬ ಮೇಲಧಿಕಾರಿ ಕೇಳಿದ್ದರು. ಮುಚ್ಚುಮರೆಯೇ ಸರಿ, ಆದರೆ ಅದು ಬಾಗಿಲ ಹೊರಗಿನವರಿಗಾಗಿ. ಹುಡುಗರಂತೂ ‘ಚರ್ಮ’ ಎಂಬ ಪದ ನೋಡಿಯೇ ಬಂದರು. ಮೊಡವೆಯ ಮಾತು ಮುಗಿದು ಎದ್ದು ನಿಂತ ಮೇಲೆ, ಬಾಗಿಲ ಬಳಿ ಹೋಗಿ ತಿರುಗಿ, ನಿದ್ದೆಯಲ್ಲಿ ವೀರ್ಯ ಹೋಗುತ್ತದೆ, ಇದರಿಂದ ಮೈ ಕರಗಿಹೋಗುತ್ತದೆಯೇ ಎಂದು ಕೇಳುವುದು ಅವರ ಪದ್ಧತಿ. ಬಸ್ ನಿಲ್ದಾಣದ ಗೋಡೆಗಳ ಮೇಲಿನ ‘ಗುಪ್ತರೋಗ’ ಜಾಹೀರಾತುಗಳು ಈ ಭಯವನ್ನೇ ಬಂಡವಾಳ ಮಾಡಿಕೊಂಡಿವೆ.

ಸಮಯದ ವಿಷಯದಲ್ಲಿ ನಮಗೆ ನೆರವಾದದ್ದು ವಾರದ ಸಂತೆ. ಹಳ್ಳಿಯ ಹುಡುಗಿ ತಾಲ್ಲೂಕು ಕೇಂದ್ರಕ್ಕೆ ಬರಲು ಮನೆಯಲ್ಲಿ ಒಂದು ಕಾರಣ ಹೇಳಲೇಬೇಕು, ಸಂತೆಯ ದಿನ ಆ ಕಾರಣ ತಾನಾಗಿಯೇ ಸಿಗುತ್ತದೆ. ಆ ದಿನ ಊಟದ ವಿರಾಮವನ್ನು ನಾವು ಸರದಿಯ ಮೇಲೆ ತೆಗೆದುಕೊಂಡು ಕೋಣೆಯನ್ನು ತೆರೆದೇ ಇಟ್ಟೆವು.

ಇನ್ನು ಮದುವೆಯಾದ ಹುಡುಗಿಯರ ವಿಷಯ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಮಹಿಳೆಯರಲ್ಲಿ ಶೇ. 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ನಮ್ಮ ಭಾಗದಲ್ಲಿ ಹದಿನೆಂಟು, ಹತ್ತೊಂಬತ್ತರ ಸೊಸೆ ಆಸ್ಪತ್ರೆಗೆ ಒಬ್ಬಳೇ ಬರುವುದೆಂಬುದಿಲ್ಲ. ಅತ್ತೆ ಜೊತೆಗಿರುತ್ತಾಳೆ, ಪ್ರಶ್ನೆ ಸೊಸೆಗೆ ಹಾಕಿದರೆ ಉತ್ತರ ಅತ್ತೆಯಿಂದ ಬರುತ್ತದೆ. ‘ನೀವು ಸ್ವಲ್ಪ ಹೊರಗೆ ಇರಿ’ ಎಂದರೆ ಅನುಮಾನ ಹುಟ್ಟುತ್ತದೆ. ಆದ್ದರಿಂದ ಹಿಮೋಗ್ಲೋಬಿನ್ ಮತ್ತು ತೂಕದ ತಪಾಸಣೆಗೆ ಎಲ್ಲರೂ ಒಬ್ಬೊಬ್ಬರೇ ಒಳಗೆ ಬರಬೇಕೆಂಬ ನಿಯಮವನ್ನು ಮಾಡಿ ಬಾಗಿಲಿಗೆ ಅಂಟಿಸಿದೆವು. ನಿಯಮ ಎಲ್ಲರಿಗೂ ಒಂದೇ ಆದಾಗ ಯಾವ ಅತ್ತೆಯೂ ಬೇಸರಪಟ್ಟುಕೊಳ್ಳಲಿಲ್ಲ. ಬೆರಳಿನಿಂದ ರಕ್ತದ ಹನಿ ತೆಗೆಯುವಷ್ಟು ಹೊತ್ತಿನಲ್ಲೇ, ಇನ್ನೂ ಎರಡು ವರ್ಷ ಮಗು ಬೇಡವೆಂಬ ಮಾತನ್ನು ಆ ಹುಡುಗಿಯರು ಪಿಸುಮಾತಿನಲ್ಲಿ ಹೇಳಿಬಿಡುತ್ತಾರೆ.

ಯಾವ ವಿಧಾನ ಯಾರಿಗೆ ಹೊಂದುತ್ತದೆ ಎಂಬುದನ್ನು ತರಬೇತಿಯ ಕೈಪಿಡಿಗಿಂತ ಅವರ ಮನೆಯ ಪದ್ಧತಿಯೇ ಹೆಚ್ಚು ನಿರ್ಧರಿಸುತ್ತದೆ. ಮೂರು ತಿಂಗಳಿಗೊಮ್ಮೆ ಪಡೆಯುವ ಅಂತರಾ ಚುಚ್ಚುಮದ್ದಿನಲ್ಲಿ ಮನೆಯಲ್ಲಿ ಮಾತ್ರೆ ಬಚ್ಚಿಡುವ ಕಷ್ಟವಿಲ್ಲ, ಹಾಗಾಗಿ ಹುಡುಗಿಯರು ಮೊದಲು ಅದನ್ನೇ ಕೇಳುತ್ತಾರೆ. ಆದರೆ ಆರಂಭದ ತಿಂಗಳುಗಳಲ್ಲಿ ಅದರಿಂದ ಅಕಾಲದಲ್ಲಿ ಸ್ವಲ್ಪ ಸ್ವಲ್ಪ ರಕ್ತ ಕಾಣಿಸಿಕೊಳ್ಳಬಹುದು. ಮುಟ್ಟಾದರೆ ಹೊರಗೆ ಕೂರುವ ಮನೆಯಲ್ಲಿ ತಿಂಗಳಿಗೆ ಮೂರು ಸಲ ಹೊರಗೆ ಕೂತ ಸೊಸೆಯ ಗುಟ್ಟು ಎಷ್ಟು ದಿನ ಉಳಿದೀತು? ಛಾಯಾ ಮಾತ್ರೆಯನ್ನು ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು ನುಂಗಬೇಕು. ಅದರಲ್ಲಿ ಹಾರ್ಮೋನು ಇಲ್ಲ, ಆದರೆ ಮುಟ್ಟು ತಡವಾಗಬಹುದು, ತಡವಾದರೆ ಅತ್ತೆ ಬಸಿರೆಂದು ಸಂಭ್ರಮಿಸುತ್ತಾಳೆ. ಇವೆರಡನ್ನೂ ಮೊದಲೇ ಬಿಡಿಸಿ ಹೇಳಿ, ನಿನ್ನ ಮನೆಯಲ್ಲಿ ಯಾವುದನ್ನು ಸಂಭಾಳಿಸಬಲ್ಲೆ ಎಂದು ಕೇಳುತ್ತೇನೆ. ಗುಳೆ ಹೋಗುವವರಿಗೆ ಅಂತರಾದ ಕಾರ್ಡನ್ನು ಜೊತೆಗೆ ಒಯ್ಯಲು ಹೇಳಿ, ಮುಂದಿನ ಡೋಸನ್ನು ನಿಗದಿತ ದಿನಕ್ಕಿಂತ ಎರಡು ವಾರ ಮೊದಲು ಅಥವಾ ನಾಲ್ಕು ವಾರ ತಡವಾಗಿಯೂ ಪಡೆಯಬಹುದೆಂದು ಅದರ ಮೇಲೆಯೇ ಬರೆದುಕೊಡುತ್ತೇನೆ. ಬೆಂಗಳೂರಿನ ಕಟ್ಟಡ ಕೆಲಸದ ಜಾಗದಿಂದ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ ಅದನ್ನು ತೋರಿಸಿದವರಿದ್ದಾರೆ.

ಈ ಕೆಲಸದಲ್ಲಿ ಅತ್ಯಂತ ಕಠಿಣವಾದದ್ದು 18 ತುಂಬದವರ ವಿಷಯ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸಲು ಬಂದ 2012ರ ಪೋಕ್ಸೊ ಕಾಯ್ದೆಯ 19ನೆಯ ಸೆಕ್ಷನ್ ಪ್ರಕಾರ, ಅಪ್ರಾಪ್ತರೊಂದಿಗೆ ಲೈಂಗಿಕ ಸಂಪರ್ಕ ನಡೆದಿದೆಯೆಂದು ತಿಳಿದವರು ಪೊಲೀಸರಿಗೆ ವರದಿ ಮಾಡಲೇಬೇಕು. ಮಾಡದಿದ್ದರೆ ಆರು ತಿಂಗಳವರೆಗೆ ಸಜೆ, ದಂಡ ಅಥವಾ ಎರಡೂ ಆಗಬಹುದು. 2017ರ ಅಕ್ಟೋಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಗಂಡನೆಂಬ ವಿನಾಯಿತಿಯೂ ಉಳಿದಿಲ್ಲ. ಇದರಿಂದಾಗಿ ಹದಿನೇಳರ ಬಸುರಿಯನ್ನು ಕರೆತರುವ ಮನೆಯವರು ತಾಯಿ ಕಾರ್ಡಿಗೆ ಹತ್ತೊಂಬತ್ತು ಎಂದು ಬರೆಸುತ್ತಾರೆ, ಇಲ್ಲವೇ ಆಸ್ಪತ್ರೆಯ ಕಡೆಗೇ ಬರುವುದಿಲ್ಲ. ರಕ್ಷಣೆಗೆಂದು ಬಂದ ಕಾನೂನು, ಹೆಚ್ಚು ಆರೈಕೆ ಬೇಕಾದ ವಯಸ್ಸಿನ ಬಸುರಿಯರನ್ನೇ ಆರೈಕೆಯಿಂದ ದೂರ ತಳ್ಳುತ್ತಿದೆ ಎಂದು ನಾನು ಕಂಡದ್ದರಿಂದ ಹೇಳಬಲ್ಲೆ.

ನಾನು ಅನುಸರಿಸುವ ಕ್ರಮವೆಂದರೆ, ಅವರು ಬಾಯಿ ತೆರೆಯುವ ಮೊದಲೇ ನನ್ನ ಮಿತಿಯನ್ನು ತಿಳಿಸಿಬಿಡುವುದು. ‘ನೀ ಹೇಳಿದ್ದು ಈ ಕೋಲಿ ಬಿಟ್ಟು ಹೊರಗ ಹೋಗಂಗಿಲ್ಲ. ಆದ್ರ ನಿನಗ ಹದಿನೆಂಟು ತುಂಬಿಲ್ಲಂದ್ರ, ಯಾರರ ನಿನ್ನ ಜೋಡಿ ಗಂಡ-ಹೆಂಡಿರಂಗ ಇದ್ದಾರಂತ ನನಗ ಗೊತ್ತಾದ್ರ, ನಾ ಪೊಲೀಸರಿಗೆ ತಿಳಸಬೇಕಾಗ್ತೈತಿ. ಅದನ್ನ ಮೊದಲ ತಿಳಕೊಂಡು ಆಮ್ಯಾಲೆ ಮಾತಾಡು’ ಎನ್ನುತ್ತೇನೆ. ಹೀಗೆ ಹೇಳಿದರೆ ಮಕ್ಕಳು ಓಡಿಹೋಗುತ್ತಾರೆಂದು ಕೆಲವು ಸಹೋದ್ಯೋಗಿಗಳ ಅಭಿಪ್ರಾಯ. ಕೆಲವರು ಎದ್ದು ಹೋಗುವುದೂ ಉಂಟು. ಆದರೆ ಎಲ್ಲವನ್ನೂ ಕೇಳಿಸಿಕೊಂಡು ಆಮೇಲೆ ಪೊಲೀಸರ ಮಾತೆತ್ತಿದರೆ ಆ ಊರಿನಿಂದ ಇನ್ನೊಂದು ಮಗು ನಮ್ಮ ಕಡೆಗೆ ಬರುವುದಿಲ್ಲ. ಬಹಳಷ್ಟು ಮಂದಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನ್ನ ಗೆಳತಿ ಒಬ್ಬಾಕಿ ಅದಾಳ್ರಿ’ ಎಂದು ಶುರುಮಾಡುತ್ತಾರೆ. ಆ ಗೆಳತಿಯ ಪ್ರಶ್ನೆಗಳಿಗೆಲ್ಲ ನಾನು ಸಂಪೂರ್ಣ ಉತ್ತರ ಕೊಡುತ್ತೇನೆ: ತುರ್ತು ಗರ್ಭನಿರೋಧಕ ಮಾತ್ರೆಯನ್ನು ಸಂಪರ್ಕವಾದ 72 ಗಂಟೆಯೊಳಗೆ, ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ನುಂಗಬೇಕು, ಅದು ವೈದ್ಯರ ಚೀಟಿಯಿಲ್ಲದೆಯೇ ಅಂಗಡಿಯಲ್ಲಿ ಸಿಗುತ್ತದೆ, ಮುಟ್ಟು ತಪ್ಪಿದ್ದರೆ ತಡಮಾಡದೆ ಪರೀಕ್ಷಿಸಿಕೊಳ್ಳಬೇಕು. ಆ ಗೆಳತಿ ಯಾರೆಂದು ನಾನು ಎಂದೂ ಕೇಳುವುದಿಲ್ಲ.

ಗರ್ಭಪಾತದ ಅಗತ್ಯ ಬಿದ್ದಾಗ 2022ರ ಸೆಪ್ಟೆಂಬರ್ 29ರ ಸುಪ್ರೀಂ ಕೋರ್ಟ್ ತೀರ್ಪು ನಮಗೆ ಆಧಾರವಾಗಿದೆ. 18ರೊಳಗಿನವರಿಗೆ ಪೋಷಕರ ಲಿಖಿತ ಒಪ್ಪಿಗೆ ಬೇಕೆಂಬುದು, ಪೊಲೀಸರಿಗೆ ತಿಳಿಸಬೇಕೆಂಬುದು ಹಾಗೆಯೇ ಉಳಿದಿದೆ. ಆದರೆ ಹುಡುಗಿಯೂ ಪೋಷಕರೂ ಕೋರಿದರೆ ವೈದ್ಯರು ಆ ವರದಿಯಲ್ಲಿ ಅವಳ ಗುರುತನ್ನು ಬಹಿರಂಗಪಡಿಸಬೇಕಾಗಿಲ್ಲ ಎಂದು ನ್ಯಾಯಾಲಯ ಹೇಳಿದೆ. ಇದು ಗೊತ್ತಿಲ್ಲದ ವೈದ್ಯರು ಭಯದಿಂದ ಜಿಲ್ಲಾಸ್ಪತ್ರೆಗೆ ಬರೆದುಕೊಡುತ್ತಾರೆ, ಜಿಲ್ಲಾಸ್ಪತ್ರೆಗೆ ಹೋಗಲು ಹೆದರಿದ ಕುಟುಂಬ ಯಾವುದೋ ನಕಲಿ ವೈದ್ಯನ ಬಾಗಿಲು ತಟ್ಟುತ್ತದೆ. ತೀರ್ಪಿನ ಆ ಭಾಗವನ್ನು ಮುದ್ರಿಸಿ, ಅದರೊಂದಿಗೆ ಕೋರಿಕೆ ಪತ್ರದ ಕನ್ನಡ ನಮೂನೆಯನ್ನೂ ಸೇರಿಸಿ, ಸ್ತ್ರೀರೋಗ ತಜ್ಞೆಯ ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದೇವೆ. ವೈದ್ಯರು ವರ್ಗವಾಗಿ ಹೊಸಬರು ಬಂದಾಗಲೆಲ್ಲ ನಾನೇ ಹೋಗಿ ಅದನ್ನು ತೋರಿಸುತ್ತೇನೆ.

ಬಗೆಹರಿಯದೆ ಉಳಿದಿರುವುದು ನನ್ನ ಹುದ್ದೆಯದೇ ಸಮಸ್ಯೆ. ಗುತ್ತಿಗೆಯ ನವೀಕರಣ ತಡವಾದಾಗ, ನಾನು ರಜೆಯಲ್ಲಿದ್ದಾಗ ಕೋಣೆಗೆ ಬೀಗ ಬೀಳುತ್ತಿತ್ತು. ಈಗ ಇಬ್ಬರು ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಗಳಿಗೆ (ಮೊದಲು ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಎನ್ನುತ್ತಿದ್ದ ಹುದ್ದೆಯವರು) ಸಂತೆಯ ದಿನ ನನ್ನ ಜೊತೆ ಕೂರಿಸಿಕೊಂಡು ಕೆಲಸ ಕಲಿಸುತ್ತಿದ್ದೇನೆ. ಕೋಣೆಯ ಒಂದು ಕೀಲಿ ಅವರ ಬಳಿಯೂ ಇದೆ.