ಆರು ನಿಮಿಷದ ಮಾತು: ಗ್ರೀಕರ ವಾಕ್ಕಲೆಯನ್ನು ಇಂದು ಬಳಸುವ ಬಗೆ

ಪ್ರಾಚೀನ ಅಥೆನ್ಸಿನ ನ್ಯಾಯಾಲಯದಲ್ಲಿ ವಾದಿ, ಪ್ರತಿವಾದಿ ಸಾಮಾನ್ಯವಾಗಿ ತಾವೇ ಎದ್ದು ಮಾತಾಡಬೇಕಿತ್ತು. ಸಮಯ ಅಳೆಯಲು ನೀರಿನ ಗಡಿಯಾರವಿತ್ತು. ಆ ಊರಿನ ಸಂತೆ-ಸಭೆಗಳ ಬಯಲಾದ ಅಗೋರಾದ ಉತ್ಖನನದಲ್ಲಿ ಸಿಕ್ಕ ಅಂಥ ಮಣ್ಣಿನ ಪಾತ್ರೆಯೊಂದು 6.4 ಲೀಟರ್ ನೀರು ಹಿಡಿಯುತ್ತದೆ. ಬುಡದ ಕೊಳವೆಯಿಂದ ಅಷ್ಟೂ ಹರಿದುಹೋಗಲು ಸುಮಾರು 6 ನಿಮಿಷ. ನಿಮ್ಮ ಮಾತಿಗೂ ಅಷ್ಟೇ ಸಮಯ ಇಟ್ಟುಕೊಳ್ಳಿ.

ಮೊದಲು ನಿಮ್ಮ ಮಾತು ಹಿಂದಿನದರ ಬಗ್ಗೆಯೋ, ಈಗಿನದರ ಬಗ್ಗೆಯೋ, ಮುಂದಿನದರ ಬಗ್ಗೆಯೋ ಎಂದು ಗೊತ್ತುಮಾಡಿ. ಕ್ರಿ.ಪೂ. 4ನೇ ಶತಮಾನದಲ್ಲಿ ಅರಿಸ್ಟಾಟಲ್ ಭಾಷಣವನ್ನು ಮೂರಾಗಿ ವಿಂಗಡಿಸಿದ: ನ್ಯಾಯಾಲಯದ ಮಾತು ಆಗಿಹೋದದ್ದರ ಬಗ್ಗೆ, ಸಭೆಯ ಮಾತು ಮುಂದೆ ಆಗಬೇಕಾದದ್ದರ ಬಗ್ಗೆ, ಹೊಗಳಿಕೆ-ತೆಗಳಿಕೆ ಮುಖ್ಯವಾಗಿ ಈಗಿನದರ ಬಗ್ಗೆ. ಹೆಚ್ಚಿನ ಮಾತುಗಳು ಕೆಡುವುದು ಇಲ್ಲೇ. ‘ಮುಂದಿನ ಹಂತಕ್ಕೆ ಎರಡು ವಾರ ಹೆಚ್ಚು ಕೊಡಿ’ ಎಂದು ಕೇಳಲು ಎದ್ದವರು, ಹಿಂದಿನ ಹಂತ ಯಾರಿಂದ ತಡವಾಯಿತು ಎಂಬಲ್ಲಿಗೆ ಜಾರುತ್ತಾರೆ. ಆರೋಪ ಹೊತ್ತವರು ಉತ್ತರ ಹುಡುಕುತ್ತಾರೆ, ಉಳಿದವರು ತೀರ್ಪುಗಾರರಾಗುತ್ತಾರೆ, ಎರಡು ವಾರದ ವಿಷಯ ಅಲ್ಲೇ ಬಿದ್ದುಹೋಗುತ್ತದೆ. ಕರಡಿನ ಕ್ರಿಯಾಪದಗಳಿಗೆಲ್ಲ ಅಡಿಗೆರೆ ಎಳೆದು ನೋಡಿ. ‘ಆಯಿತು’, ‘ಮಾಡಿದರು’ ಎಂಬವೇ ತುಂಬಿದ್ದರೆ ಹೊಸದಾಗಿ ಬರೆಯಿರಿ.

ನಿಜವಾಗಿಯೂ ಆಗಿಹೋದದ್ದರ ಬಗ್ಗೆಯೇ ಜಗಳವಿದ್ದರೆ ಕ್ರಿ.ಪೂ. 2ನೇ ಶತಮಾನದ ಗ್ರೀಕ್ ವಾಕ್ಕಲೆಯ ಗುರು ಹೆರ್ಮಗೋರಸನ ನಾಲ್ಕು ಪ್ರಶ್ನೆ ಸಾಕು: ಅದು ನಡೆಯಿತೆ? ಅದನ್ನು ಏನೆಂದು ಕರೆಯಬೇಕು? ಮಾಡಿದ್ದು ಸರಿಯೆ? ತೀರ್ಮಾನಿಸಲು ಇದು ತಕ್ಕ ಜಾಗವೆ? ಭಿನ್ನಾಭಿಪ್ರಾಯ ಯಾವ ಪ್ರಶ್ನೆಯಲ್ಲಿದೆಯೋ ಅದಕ್ಕಷ್ಟೇ ಉತ್ತರಿಸಿ.

ಈಗ ತರ್ಕ. ಅರಿಸ್ಟಾಟಲ್ ‘ಎಂಥಿಮೀಮ್’ ಎಂದು ಕರೆದ, ಭಾಷಣಕ್ಕೆ ತಕ್ಕ ತರ್ಕದ ಬಗೆಯಲ್ಲಿ ಕೇಳುಗರು ಆಗಲೇ ಒಪ್ಪಿರುವ ಮಾತನ್ನು ಹೇಳದೆ ಬಿಡಬಹುದು. ‘ಇದನ್ನಿನ್ನೂ ಪರೀಕ್ಷಿಸಿಲ್ಲ, ಈಗಲೇ ಕೊಡುವುದು ಬೇಡ’ ಎಂದರೆ, ಪರೀಕ್ಷಿಸದ್ದನ್ನು ಕೊಡಬಾರದು ಎಂಬ ಕೊಂಡಿಯನ್ನು ಅವರೇ ಹಾಕಿಕೊಳ್ಳುತ್ತಾರೆ. ತಾವೇ ಹಾಕಿದ ಕೊಂಡಿಯನ್ನು ಅವರು ಸುಲಭವಾಗಿ ಕಳಚುವುದಿಲ್ಲ. ಆದರೆ ವೇಗವೇ ಮುಖ್ಯ ಎನ್ನುವವರ ಮುಂದೆ ಇದೇ ವಾಕ್ಯ ನಿಲ್ಲದು. ಬಿಟ್ಟ ಮಾತನ್ನು ಕಾಗದದ ಮೇಲೆ ಬರೆದುಕೊಂಡು, ಈ ಜನ ಇದನ್ನು ಒಪ್ಪುತ್ತಾರೆಯೇ ಎಂದು ಕೇಳಿಕೊಳ್ಳಿ. ಅನುಮಾನವಿದ್ದರೆ ಮೊದಲು ಅದನ್ನೇ ಸಾಧಿಸಿ.

ನಂಬಿಕೆ ಹುಟ್ಟುವುದು ವಿವೇಕ, ಸದ್ಗುಣ, ಹಿತಚಿಂತನೆಗಳಿಂದ, ಅದೂ ಆಡುವ ಮಾತಿನೊಳಗೇ ಎನ್ನುತ್ತಾನೆ ಅರಿಸ್ಟಾಟಲ್. ಹಾಗಾಗಿ ನಿಮ್ಮ ಸಲಹೆಯಿಂದ ಆಗುವ ನಷ್ಟವನ್ನು ಎದುರಾಳಿಗಿಂತ ಮೊದಲು ನೀವೇ ಹೇಳಿ.

ಭಾವನೆ ಎಬ್ಬಿಸಲು ಏರುದನಿ ಸಾಲದು. ಉದಾಹರಣೆಗೆ, ಕೋಪ ಎಬ್ಬಿಸಲು ಮೂರನ್ನು ಅರಿಯಬೇಕು: ಕೇಳುಗರ ಮನಃಸ್ಥಿತಿ ಎಂಥದು, ಕೋಪ ಯಾರ ಮೇಲೆ, ಯಾವ ಕಾರಣಕ್ಕೆ. ಒಂದು ತಪ್ಪಿದರೂ ಕೋಪ ಹುಟ್ಟದು.

ಭಾಷಣಕ್ಕೆ ಅನಿವಾರ್ಯ ಭಾಗಗಳು ಎರಡೇ, ವಿಷಯ ಹೇಳುವುದು, ಸಾಧಿಸುವುದು. ಒಂದು ನಿಮಿಷದಲ್ಲಿ ವಿಷಯ ಹೇಳಿ, ನಾಲ್ಕು ನಿಮಿಷ ಸಾಧಿಸಿ. ಕೊನೆಯ ನಿಮಿಷದಲ್ಲಿ ಯಾವ ನಿರ್ಣಯ ಬೇಕೆಂದು ಒಂದೇ ವಾಕ್ಯದಲ್ಲಿ ಕೇಳಿ ಕುಳಿತುಕೊಳ್ಳಿ.