ಬಿಷಪ್ಪರ ವಿರುದ್ಧದ ಕರಪತ್ರವನ್ನು ಓದುವ ಬಗೆ: ಇಂಗ್ಲೆಂಡ್, 1640–42

1640ರ ಆಸುಪಾಸಿನಲ್ಲಿ ಲಂಡನ್ನಿನಲ್ಲಿ ಬಿಷಪ್ಪರ ವಿರುದ್ಧ ಅಚ್ಚಾದ ಕರಪತ್ರವೊಂದು ಓದಲು ಸಿಕ್ಕಿದರೆ, ಅದರ ಬೈಗುಳಕ್ಕೆ ಮನಸೋಲುವ ಮೊದಲು ತಾರೀಖನ್ನು ನೋಡಬೇಕು. ಆ ಕಾಲದ ಇಂಗ್ಲೆಂಡಿನಲ್ಲಿ ಹೊಸ ವರ್ಷದ ಎಣಿಕೆ ಮಾರ್ಚ್ 25ರಿಂದ ಶುರುವಾಗುತ್ತಿದ್ದುದರಿಂದ, ‘ಜನವರಿ 1641’ ಎಂದಿದ್ದರೆ ಅದು ನಮ್ಮ ಲೆಕ್ಕದಲ್ಲಿ ಸಾಮಾನ್ಯವಾಗಿ 1642ರ ಜನವರಿ. 1641ರ ಡಿಸೆಂಬರ್ 30ರಂದು ಹನ್ನೆರಡು ಬಿಷಪ್ಪರ ಮೇಲೆ ರಾಜದ್ರೋಹದ ಆರೋಪ ಹೊರಿಸಿ ಬಂಧನದಲ್ಲಿಡಲಾಯಿತು. ಈ ಲೆಕ್ಕ ತಪ್ಪಿದರೆ, ಸೆರೆಯಲ್ಲಿರುವವರನ್ನು ಗೇಲಿ ಮಾಡುವ ಕರಪತ್ರಕಾರ ಕಾಲಜ್ಞಾನ ಬರೆದವನಂತೆ ಕಾಣುತ್ತಾನೆ. ಪುಸ್ತಕ ವ್ಯಾಪಾರಿ ಜಾರ್ಜ್ ಥಾಮಸನ್ ಆಗಿನ ಸುಮಾರು 22,000 ಮುದ್ರಣಗಳನ್ನು ಕೂಡಿಟ್ಟು, ಹಲವದರ ಮುಖಪುಟದ ಮೇಲೆ ದಿನಾಂಕವನ್ನು ಕೈಯಾರೆ ಬರೆದಿದ್ದಾನೆ. ಬ್ರಿಟಿಷ್ ಲೈಬ್ರರಿಯಲ್ಲಿರುವ ಆ ಪ್ರತಿ ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆಯೇ.

ಆಮೇಲೆ, ಸಿಟ್ಟು ಯಾವುದರ ಮೇಲೆ ಎಂಬುದನ್ನು ಬಿಡಿಸಿಕೊಳ್ಳಬೇಕು. ಚರ್ಚಿನಲ್ಲಿ ರೊಟ್ಟಿ-ದ್ರಾಕ್ಷಾರಸ ಹಂಚುವ ಪ್ರಭುಭೋಜನದ ಮೇಜನ್ನು ಪೂರ್ವದ ಗೋಡೆಗೆ ಸರಿಸಿ ಸುತ್ತ ಕಟಕಟೆ ಹಾಕಿಸಿದ ಆರ್ಚ್‌ಬಿಷಪ್ ವಿಲಿಯಂ ಲಾಡ್, ಇಂಗ್ಲೆಂಡಿನ ಚರ್ಚಿನಲ್ಲಿ ಕ್ಯಾಥೊಲಿಕ್ ಆಚರಣೆಗಳು ಉಳಿಯಬಾರದೆನ್ನುತ್ತಿದ್ದ ಪ್ಯೂರಿಟನ್ನರ ಕಣ್ಣಿಗೆ ರೋಮಿನ ಆಳಾಗಿ ಕಂಡ. ಆದರೆ ‘ಪೋಪನ ಕಡೆಯವನು’ ಎಂಬ ಮಾತನ್ನು ಸಾಕ್ಷ್ಯವೆಂದು ತೆಗೆದುಕೊಳ್ಳಬಾರದು, ಏಕೆಂದರೆ ಕ್ಯಾಥೊಲಿಕ್ ಚರ್ಚಿನ ಉನ್ನತ ಹುದ್ದೆಯಾದ ಕಾರ್ಡಿನಲ್ ಪದವಿ ಕೊಡುತ್ತೇವೆಂದು ಬಂದ ಮಾತನ್ನು ಲಾಡ್ ತಾನೇ ತಳ್ಳಿಹಾಕಿದ್ದ. ಇನ್ನೊಂದು ಕೋಪ ಅಧಿಕಾರದ್ದು: ಬಿಷಪ್ಪರಿಗೆ ಪಾರ್ಲಿಮೆಂಟಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ 26 ಪೀಠಗಳಿದ್ದವು, ಚರ್ಚಿನ ನ್ಯಾಯಾಲಯಗಳೂ ಅವರ ಕೈಯಲ್ಲಿದ್ದವು. 1637ರಲ್ಲಿ ಬಿಷಪ್ಪರ ವಿರುದ್ಧ ಬರೆದುದಕ್ಕಾಗಿ ಸ್ಟಾರ್ ಚೇಂಬರ್ ನ್ಯಾಯಾಲಯವು ವಕೀಲ ವಿಲಿಯಂ ಪ್ರಿನ್‌ಗೆ ಕಿವಿ ಕತ್ತರಿಸುವ ಶಿಕ್ಷೆ ಕೊಟ್ಟಿತು. ‘ಸೆಡಿಷಸ್ ಲೈಬೆಲರ್’ (ರಾಜದ್ರೋಹಿ ನಿಂದಕ) ಎಂಬ ಇಂಗ್ಲಿಷ್ ಮಾತಿನ ಮೊದಲಕ್ಷರಗಳಾದ ‘ಎಸ್’ ಮತ್ತು ‘ಎಲ್’ಗಳನ್ನು ಅವನ ಕೆನ್ನೆಗಳ ಮೇಲೆ ಕಾಯಿಸಿದ ಕಬ್ಬಿಣದಿಂದ ಒತ್ತಿದರು, ಅವನೋ ಅದನ್ನು ‘ಸ್ಟಿಗ್ಮಾಟಾ ಲಾಡಿಸ್’, ಅಂದರೆ ಲಾಡ್ ಹಾಕಿದ ಬರೆ, ಎಂದು ಓದಿದ. ಈ ಎರಡು ಕೋಪಗಳು ಒಂದೇ ವಾಕ್ಯದಲ್ಲಿ ಹೆಣೆದುಕೊಂಡಿರುವುದೇ ಹೆಚ್ಚು. ಸಿಕ್ಕು ಬಿಡಿಸುವ ಕೆಲಸಕ್ಕೆ ತಾಳ್ಮೆ ಬೇಕು.

ಕೊನೆಗೆ, ಬೇಡಿಕೆ ಏನೆಂದು ಹುಡುಕಿ ಅಡಿಗೆರೆ ಎಳೆಯಬೇಕು. ನನ್ನ ಮಟ್ಟಿಗೆ ಹೊಸಬರು ಹೆಚ್ಚು ಎಡವುವುದು ಇಲ್ಲಿಯೇ. ಸುಮಾರು 15,000 ಲಂಡನ್ನಿಗರ ಸಹಿಯೊಂದಿಗೆ 1640ರ ಡಿಸೆಂಬರ್ 11ರಂದು ಪಾರ್ಲಿಮೆಂಟಿಗೆ ಸಲ್ಲಿಕೆಯಾದ ಮನವಿ, ಬಿಷಪ್ ಪದವಿಯನ್ನೇ ಬುಡಸಮೇತ ಕೀಳಬೇಕೆಂದು ಕೇಳಿತು. 1642ರ ಫೆಬ್ರವರಿಯ ಕಾಯಿದೆ ಕಿತ್ತುಕೊಂಡದ್ದು ಅವರ ಪಾರ್ಲಿಮೆಂಟ್ ಪೀಠವನ್ನೂ ಲೌಕಿಕ ಅಧಿಕಾರವನ್ನೂ ಮಾತ್ರ. ಪದವಿ ರದ್ದಾದದ್ದು 1646ರ ಅಕ್ಟೋಬರಿನಲ್ಲಿ. 1641ರ ಫೆಬ್ರವರಿಯಲ್ಲಿ ಬಿಷಪ್ಪರನ್ನು ಕಟುವಾಗಿ ಟೀಕಿಸಿದ ಪಾರ್ಲಿಮೆಂಟ್ ಸದಸ್ಯ ಲಾರ್ಡ್ ಫಾಕ್ಲಂಡ್ ಪದವಿಯ ರದ್ದತಿಯನ್ನು ಒಪ್ಪಲಿಲ್ಲ. ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದಲ್ಲಿ, 1643ರಲ್ಲಿ, ಅವನು ಸತ್ತದ್ದು ರಾಜನ ಕಡೆಯ ಸೈನ್ಯದಲ್ಲಿ, ನ್ಯೂಬರಿಯ ಯುದ್ಧದಲ್ಲಿ. ಹೀಗಾಗಿ ಬೈದವರನ್ನೆಲ್ಲ ಒಂದೇ ಪಾಳೆಯಕ್ಕೆ ಸೇರಿಸಲಾಗದು.

ಎದುರಾಳಿಯ ಉತ್ತರ ಸಿಕ್ಕಿದರೆ ಅದನ್ನು ಪಕ್ಕದಲ್ಲಿಟ್ಟುಕೊಂಡೇ ಓದಬೇಕು. ಬಿಷಪ್ ಜೋಸೆಫ್ ಹಾಲ್ 1641ರ ಆರಂಭದಲ್ಲಿ ಪದವಿಯನ್ನು ಸಮರ್ಥಿಸಿ ಬರೆದಾಗ, ಐವರು ಪಾದ್ರಿಗಳು ತಮ್ಮ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಮಾಡಿಕೊಂಡ ‘ಸ್ಮೆಕ್ಟಿಮ್ನುವಸ್’ ಎಂಬ ವಿಚಿತ್ರ ಹೆಸರಿನಲ್ಲಿ ತಿರುಗೇಟು ಕೊಟ್ಟರು. ಆ ವರ್ಷ ಮುಗಿಯುವ ಹೊತ್ತಿಗೆ ಬಂಧನಕ್ಕೊಳಗಾದ ಹನ್ನೆರಡು ಮಂದಿಯಲ್ಲಿ ಹಾಲ್ ಕೂಡ ಒಬ್ಬ.