ಸಣ್ಣ ತಟ್ಟೆಯ ಸಂಜೆ: ಶೆಟ್ಲಿ ರಬ್ಬರಾಗದಂತೆ, ಗ್ಲಾಸು ನೀರಾಗದಂತೆ

ಸ್ಪೇನಿನ ತಪಾಸ್ ಪದ್ಧತಿ ನಮ್ಮ ಕರಾವಳಿಯ ಮನೆಗಳಿಗೆ ಹೇಳಿ ಮಾಡಿಸಿದಂತಿದೆ. ಚಿಕ್ಕ ತಟ್ಟೆಯಲ್ಲಿ ತಲಾ ಎರಡು ಮೂರು ತುತ್ತಿನಷ್ಟು ತಿನಿಸು, ಜತೆಗೊಂದು ತಣ್ಣನೆಯ ಗ್ಲಾಸು, ಒಂದಿಷ್ಟು ಮಾತು. ಅದು ಮುಗಿದ ಮೇಲೆ ಮತ್ತೊಂದು ತಟ್ಟೆ. ಕಾರವಾರ, ಅಂಕೋಲಾ, ಕುಮಟಾದವರಿಗೆ ಶೆಟ್ಲಿ (ಸಿಗಡಿ), ಬಳಚು (ಚಿಪ್ಪುಮೀನು), ಮುರುಗಲು (ಕೋಕಂ) ಎಲ್ಲ ಸಂತೆಯಲ್ಲೇ ಸಿಗುತ್ತವೆ. ಆದರೂ ಮನೆಯಲ್ಲಿ ಮಾಡಹೊರಟವರು ಸಾಮಾನ್ಯವಾಗಿ ಒಂದೇ ಕಡೆ ಎಡವುತ್ತಾರೆ. ಐದೂ ಬಗೆಯನ್ನು ಮೊದಲೇ ಮಾಡಿ, ಮೇಜಿನ ಮೇಲೆ ಹರಡಿ, ಆಮೇಲೆ ನೆಂಟರನ್ನು ಕರೆಯುತ್ತಾರೆ. ಅಷ್ಟರಲ್ಲಿ ಶೆಟ್ಲಿ ಗಟ್ಟಿ, ಕರಿದದ್ದು ಮೆತ್ತಗೆ, ಗ್ಲಾಸಿನಲ್ಲಿ ಬಣ್ಣದ ನೀರು. ಬಂದವರು ಕೂತ ಮೇಲೆಯೇ ಒಲೆ ಹಚ್ಚಬೇಕು. ಅದಕ್ಕೆ ಬೇಕಾದ ಹೆಚ್ಚುವುದು, ಸುಲಿಯುವುದು, ಅಳೆಯುವುದು ಮಾತ್ರ ಮೊದಲೇ ಮುಗಿದಿರಬೇಕು.

ಆರು ಮಂದಿಗೆ ಐದು ಬಗೆ ಸಾಕು. ಕೊನೆಗೆ ಮೀನುಸಾರು, ಅನ್ನ ಇಲ್ಲದೆ ಊಟ ಆಗಲಿಲ್ಲ ಎನ್ನುವ ಮನೆಯಾದರೆ ಮೂರಕ್ಕೆ ಇಳಿಸಿ.

ಸಂಜೆಗೆ ಮುಂಚೆ

ಆಲೂಗಡ್ಡೆ ಹಾಕಿದ ದಪ್ಪ ಆಮ್ಲೆಟ್, ಅಂದರೆ ಸ್ಪೇನಿನವರ ತೊರ್ತಿಯಾ, ಆರಿದ ಮೇಲೆಯೇ ಚೆನ್ನ. ಅರ್ಧ ಕಿಲೋ ಆಲೂಗಡ್ಡೆಯ ತೆಳು ಬಿಲ್ಲೆಗಳು ಮತ್ತು 2 ಈರುಳ್ಳಿಯನ್ನು ಧಾರಾಳ ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಕೆಂಪಾಗಿಸದೆ 20 ನಿಮಿಷ ಮೆತ್ತಗೆ ಬೇಯಿಸಿ, ಎಣ್ಣೆ ಬಸಿದು, 6 ಮೊಟ್ಟೆಯಲ್ಲಿ 10 ನಿಮಿಷ ನೆನೆಸಿ, ಚಿಕ್ಕ ಬಾಣಲೆಯಲ್ಲಿ ಎರಡೂ ಬದಿ ಬೇಯಿಸಿದರೆ ಆಯಿತು. ಬೇಸಿಗೆಯಲ್ಲಿ ಹೆದ್ದಾರಿ ಬದಿ ಜಡೆ ಹೆಣೆದು ತೂಗುಹಾಕುವ ಕುಮಟಾದ ಸಿಹಿ ಈರುಳ್ಳಿ ಸಿಕ್ಕರೆ ಬೇರೆ ಈರುಳ್ಳಿ ಮುಟ್ಟಬೇಡಿ. ಸ್ಪೇನಿನಲ್ಲಿ ನಡುವೆ ಹಸಿಹಸಿ ಬಿಡುವವರಿದ್ದಾರೆ. ನಮ್ಮ ಸೆಖೆಗೆ ಅದು ಬೇಡ, ಪೂರ್ತಿ ಬೇಯಲಿ. ಐದಕ್ಕೆ ಮಾಡಿದ್ದನ್ನು ಏಳರೊಳಗೆ ತಿಂದು ಮುಗಿಸಿ.

ಆಲಿವ್ ಕಾಯಿಯ ಬಾಟಲಿಗೆ ದುಡ್ಡು ಸುರಿಯುವ ಬದಲು ಶಿರಸಿ ಕಡೆಯ ಉಪ್ಪುನೀರಿನಲ್ಲಿಟ್ಟ ಅಪ್ಪೆಮಿಡಿ, ಅಂದರೆ ಎಳೆಯ ಮಾವಿನಮಿಡಿ, ತನ್ನಿ. ತೊಳೆದು ತೆಳ್ಳಗೆ ಸೀಳಿ, ಎರಡು ಹನಿ ಎಣ್ಣೆ ಸವರಿದರೆ ಮೊದಲ ತಟ್ಟೆ ಸಿದ್ಧ. ಮಸಾಲೆ ಕಲೆಸಿದ ಮಿಡಿ ಇಲ್ಲಿಗೆ ಆಗದು. ಅದರ ಸಾಸಿವೆ ಖಾರ ಮುಂದಿನದ್ದನ್ನೆಲ್ಲ ಮುಚ್ಚಿಬಿಡುತ್ತದೆ.

ಇನ್ನೊಂದು ಎಚ್ಚರಿಕೆ. ಹಸಿ ಮೀನನ್ನು ವಿನಿಗರಿನಲ್ಲಿ ನೆನೆಸಿ ತಿನ್ನುವ ಸ್ಪೇನಿನ ತಟ್ಟೆಯೊಂದಿದೆ. ಅದನ್ನು ನೋಡಿ ತಾರ್ಲೆಯನ್ನೋ ಬಂಗುಡೆಯನ್ನೋ ಹಾಗೆ ಮಾಡಲು ಹೋಗಬೇಡಿ. ಮೀನಿನೊಳಗಿನ ಪರಾವಲಂಬಿ ಹುಳುಗಳು ವಿನಿಗರಿಗೆ ಸಾಯುವುದಿಲ್ಲ. ಅಲ್ಲಿ ಮೀನನ್ನು ಮೊದಲು ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೆಪ್ಪುಗಟ್ಟಿಸಿ ಇಟ್ಟಿರುತ್ತಾರೆ. ಮನೆಯ ಫ್ರಿಜ್‌ನ ಐಸ್ ಪೆಟ್ಟಿಗೆ ಅಷ್ಟು ತಣ್ಣಗಾಗುತ್ತದೆಂದು ನಂಬಿ ಕೂರುವಂತಿಲ್ಲ.

ಬೆಳ್ಳುಳ್ಳಿ ಎಣ್ಣೆಯ ಶೆಟ್ಲಿ

ಹತ್ತರಲ್ಲಿ ಒಂಬತ್ತು ಮಂದಿ ಕೆಡಿಸುವುದು ಇದನ್ನೇ. ಹಾಗಾಗಿ ನಿಧಾನವಾಗಿ ನೋಡೋಣ.

ಕಿಲೋಗೆ 40ರಿಂದ 50 ಬರುವ ಗಾತ್ರದ್ದು ತನ್ನಿ. ಇನ್ನೂ ಚಿಕ್ಕದಾದರೆ ಬೆಳ್ಳುಳ್ಳಿಯ ರುಚಿ ಹಿಡಿಯುವಷ್ಟರಲ್ಲಿ ಬೆಂದು ಮುದುಡುತ್ತದೆ. ತಲೆ ಗಟ್ಟಿಯಾಗಿ ಅಂಟಿಕೊಂಡಿರಬೇಕು, ಕಾಲಿನ ಬುಡದಲ್ಲಿ ಕಪ್ಪು ಚುಕ್ಕೆ ಇರಬಾರದು, ಮೂಗಿಗೆ ಹಿಡಿದರೆ ಸಮುದ್ರದ ವಾಸನೆ ಮಾತ್ರ ಬರಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ದಿನಗಳಲ್ಲಿ ಕಾಳಿ, ಅಘನಾಶಿನಿ ಅಳಿವೆಯ ಶೆಟ್ಲಿಯನ್ನೇ ಕೇಳಿ ತೆಗೆದುಕೊಳ್ಳಿ. ಸುಲಿದು ಪೊಟ್ಟಣ ಕಟ್ಟಿ ಹೆಪ್ಪುಗಟ್ಟಿಸಿದ್ದು ಬೇಡ. ಅದರಲ್ಲಿ ಬಹಳಷ್ಟು ನೀರು. ಬಾಣಲೆಗೆ ಬಿದ್ದ ಕೂಡಲೇ ಬಿಟ್ಟುಕೊಳ್ಳುತ್ತದೆ. ತಲೆಯೂ ಇರುವುದಿಲ್ಲ, ಈ ತಿನಿಸಿಗೆ ತಲೆಯೇ ಮುಖ್ಯ.

ಇಡೀ ಶೆಟ್ಲಿ 800 ಗ್ರಾಂ ತಂದರೆ ಸುಲಿದ ಮೇಲೆ ಸುಮಾರು 400 ಗ್ರಾಂ ಉಳಿಯುತ್ತದೆ. ಬೆನ್ನಿನ ಕಪ್ಪು ನರ ತೆಗೆಯಿರಿ. ಅರ್ಧ ಚಮಚ ಉಪ್ಪು, ಕಾಲು ಚಮಚ ಅಡುಗೆ ಸೋಡಾ ಸವರಿ 15 ನಿಮಿಷ ಫ್ರಿಜ್‌ನಲ್ಲಿಡಿ. ಸೋಡಾ ಮಾಂಸದೊಳಗಿನ ನೀರನ್ನು ಹಿಡಿದಿಡುತ್ತದೆ, ಹಾಗಾಗಿ ಬೆಂದ ಮೇಲೂ ಶೆಟ್ಲಿ ತುಂಬಿಕೊಂಡಿರುತ್ತದೆ. ಕಾಲು ಚಮಚಕ್ಕಿಂತ ಹೆಚ್ಚಾದರೆ ಸಾಬೂನಿನ ರುಚಿ. ನಂತರ ಒಮ್ಮೆ ತೊಳೆದು, ಬಟ್ಟೆಯ ಮೇಲೆ ಹರಡಿ, ಮೇಲೊಂದು ಬಟ್ಟೆ ಒತ್ತಿ ಪೂರ್ತಿ ಒಣಗಿಸಿ. ಇದನ್ನು ಬಿಡುವವರೇ ಹೆಚ್ಚು. ಒದ್ದೆ ಶೆಟ್ಲಿ ಎಣ್ಣೆಯ ಬಿಸಿ ಇಳಿಸುತ್ತದೆ, ಆವಿಯಲ್ಲಿ ಬೇಯುತ್ತದೆ, ಮೈಗೆಲ್ಲ ಎಣ್ಣೆ ಸಿಡಿಸುತ್ತದೆ.

ಸುಲಿದ ತಲೆ, ಸಿಪ್ಪೆ ಎಸೆಯಬೇಡಿ. 150 ಮಿಲೀ ಆಲಿವ್ ಎಣ್ಣೆಯಲ್ಲಿ ಮಧ್ಯಮ ಉರಿಯ ಮೇಲೆ ಆರೇಳು ನಿಮಿಷ ಹುರಿಯಿರಿ. ತಲೆಗಳನ್ನು ಸೌಟಿನ ಬೆನ್ನಿನಿಂದ ಒತ್ತಿದರೆ ಒಳಗಿನ ಕಿತ್ತಳೆ ಬಣ್ಣದ ಸಾರ ಎಣ್ಣೆಗಿಳಿಯುತ್ತದೆ. ಸೋಸಿ, ಎಣ್ಣೆಯನ್ನು ಪೂರ್ತಿ ಆರಲು ಬಿಡಿ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಡಬ್ಬಿಯ ಮೇಲೆ ‘ಪೊಮೆಸ್’ ಎಂದಿದ್ದರೆ ಅದು ಹಿಂಡಿ ಉಳಿದ ಹಿಪ್ಪೆಯಿಂದ ದ್ರಾವಕ ಬಳಸಿ ತೆಗೆದದ್ದು. ಕರಿಯಲು ಸರಿ, ಇಲ್ಲಿ ಎಣ್ಣೆಯೇ ರುಚಿಯಾದ್ದರಿಂದ ಉಪಯೋಗವಿಲ್ಲ. ಅದರ ಬದಲು ಗಾಣದ ಕೊಬ್ಬರಿ ಎಣ್ಣೆಯನ್ನೇ ಹಾಕಿ. ಸ್ಪೇನಿನ ರುಚಿ ಬರುವುದಿಲ್ಲ, ಆದರೆ ಒಳ್ಳೆಯ ರುಚಿ ಬರುತ್ತದೆ.

ಈಗ ಬೆಳ್ಳುಳ್ಳಿ. 12 ದೊಡ್ಡ ಎಸಳುಗಳನ್ನು ಒಂದೇ ದಪ್ಪಕ್ಕೆ, ಸುಮಾರು 2 ಮಿಲಿಮೀಟರಿಗೆ, ಹೆಚ್ಚಿ. ಜಜ್ಜಿದರೆ ಪುಡಿಯಾದ ಭಾಗ ಮೊದಲು ಸುಟ್ಟು ಎಣ್ಣೆಯನ್ನೆಲ್ಲ ಕಹಿ ಮಾಡುತ್ತದೆ. ಪ್ಯಾಕೆಟ್‌ನ ಪೇಸ್ಟಿನಲ್ಲಿ ನೀರೂ ಹುಳಿಯೂ ಇರುತ್ತವೆ, ಅದನ್ನು ಇದರ ಹತ್ತಿರ ತರಲೇಬೇಡಿ. ಹೆಚ್ಚಿದ್ದನ್ನು ಆರಿದ ಎಣ್ಣೆಗೆ ಹಾಕಿ, ಆಮೇಲೆ ಒಲೆ ಹಚ್ಚಿ, ಉರಿ ಸಣ್ಣದಿರಲಿ. ನಾಲ್ಕೈದು ನಿಮಿಷದಲ್ಲಿ ಅಂಚಿನಿಂದ ಸಣ್ಣ ಗುಳ್ಳೆ ಏಳುತ್ತದೆ, ಬಿಳುಪು ಹೋಗಿ ತೆಳು ಹಳದಿ ಬರುತ್ತದೆ. ಅಲ್ಲಿಗೆ ಜಾಲರಿ ಸೌಟಿನಿಂದ ಎತ್ತಿ ಪಕ್ಕಕ್ಕಿಡಿ. ಹೊಂಬಣ್ಣವಾಗಲಿ ಎಂದು ಕಾದರೆ ತಟ್ಟೆಗೆ ಬರುವಷ್ಟರಲ್ಲಿ ಕಂದಾಗಿರುತ್ತದೆ. ಬೀಜ ತೆಗೆದ 2 ಬ್ಯಾಡಗಿ ಮೆಣಸನ್ನು ತುಂಡು ಮಾಡಿ ಎಣ್ಣೆಯಲ್ಲಿ ಹತ್ತು ಸೆಕೆಂಡು ಆಡಿಸಿ ಅದನ್ನೂ ಎತ್ತಿ.

ಉರಿ ಜೋರು ಮಾಡಿ. ಒಂದು ಶೆಟ್ಲಿಯ ಬಾಲ ಅದ್ದಿ ನೋಡಿ. ಚುರ್ ಎಂದರೆ ಅರ್ಧದಷ್ಟನ್ನು ಒಂದಕ್ಕೊಂದು ತಾಗದಂತೆ ಹಾಸಿ. ಒಟ್ಟಿಗೇ ಹಾಕುವ ಅವಸರ ಬೇಡ. ಒಂದು ಬದಿ 50 ಸೆಕೆಂಡು, ಮಗುಚಿ ಇನ್ನೊಂದು ಬದಿ 40. ಬೂದು ಬಣ್ಣ ಹೋಗಿ ಗುಲಾಬಿಯಾಗುವುದು ಬಾಲದಿಂದ ಶುರುವಾಗುತ್ತದೆ. ತಲೆ ಇದ್ದ ಕಡೆಯ ದಪ್ಪ ತುದಿ ಕೊನೆಗೆ ಬೇಯುತ್ತದೆ. ಆ ತುದಿಯ ನಡುವೆ ಎಳ್ಳಿನಷ್ಟು ಪಾರದರ್ಶಕತೆ ಉಳಿದಿರುವಾಗಲೇ ತೆಗೆಯಿರಿ, ಉಳಿದದ್ದು ತನ್ನ ಬಿಸಿಗೆ ತಾನೇ ಬೇಯುತ್ತದೆ. ಕುಡುಗೋಲಿನಂತೆ ಬಾಗಿದ್ದರೆ ಸರಿ, ಬಾಲ ಸುತ್ತಿ ಉಂಗುರವಾಗಿದ್ದರೆ ಮೀರಿತು. ಎರಡನೇ ಅರ್ಧವೂ ಆದ ಮೇಲೆ ಒಲೆ ಆರಿಸಿ, ಎಲ್ಲವನ್ನೂ ಬಾಣಲೆಗೆ ಮರಳಿಸಿ, ಬೆಳ್ಳುಳ್ಳಿ, ಮೆಣಸು, ಅರ್ಧ ಚಮಚ ಬ್ಯಾಡಗಿ ಪುಡಿ ಸೇರಿಸಿ. ಪುಡಿಯನ್ನು ಉರಿಯ ಮೇಲಿದ್ದಾಗ ಹಾಕಿದರೆ ಕರಕಲು. ಲಿಂಬೆ ಹಿಂಡುವುದು ತಟ್ಟೆಗೆ ಬಡಿಸಿದ ಮೇಲೆ. ಕಬ್ಬಿಣದ ಬಾಣಲೆಯಲ್ಲಿ ಹಿಂಡಿದರೆ ಲೋಹದ ರುಚಿ ಬರುತ್ತದೆ. ಎಣ್ಣೆಯಲ್ಲಿ ಅದ್ದಿ ತಿನ್ನಲು ಬೇಕರಿಯ ಸಿಹಿಯಿಲ್ಲದ ಪಾವ್ ಬೇಕು. ಮೃದುವಾದ ಸಿಹಿ ಬನ್ನು ಎಣ್ಣೆ ಹೀರಿ ಮುದ್ದೆಯಾಗುತ್ತದೆ.

ಬಳಚು, ನೀರುಹಲಸು

ಬಳಚನ್ನು ಲೀಟರಿಗೆ 30 ಗ್ರಾಂ ಉಪ್ಪು ಕರಗಿಸಿದ ನೀರಿನಲ್ಲಿ ಎರಡು ಗಂಟೆ ಬಿಟ್ಟರೆ ಮರಳು ಕಕ್ಕುತ್ತದೆ. ಸಿಹಿನೀರಿನಲ್ಲಿಟ್ಟರೆ ಕಕ್ಕುವ ಮೊದಲೇ ಸಾಯುತ್ತದೆ. ಬಾಯಿ ತೆರೆದಿದ್ದು ತಟ್ಟಿದರೂ ಮುಚ್ಚದ್ದನ್ನು ಎಸೆಯಿರಿ. ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ, ಒಂದು ಕಿಲೋ ಹಾಕಿ, ಮುಚ್ಚಿ ನಾಲ್ಕೈದು ನಿಮಿಷ. ತೆರೆದದ್ದನ್ನು ತೆರೆದಂತೆ ಎತ್ತಿಡಿ. ಉಪ್ಪು ಹಾಕಬೇಡಿ, ಅದರ ನೀರೇ ಸಾಕಷ್ಟು ಉಪ್ಪು.

ಮೀನು ತಿನ್ನದವರಿದ್ದರೆ ನೀರುಹಲಸಿನ ತುಂಡುಗಳನ್ನು ಉಪ್ಪುನೀರಿನಲ್ಲಿ ಆರು ನಿಮಿಷ ಬೇಯಿಸಿ, ಆರಿಸಿ, ಬೇರೆ ಬಾಣಲೆಯಲ್ಲಿ ಕರಿದು ಮೇಲೆ ಮೆಣಸಿನ ಪುಡಿ ಉದುರಿಸಿ. ಆಲೂಗಡ್ಡೆಗಿಂತ ಗರಿಗರಿ.

ಗ್ಲಾಸಿಗೆ

50 ಗ್ರಾಂ ಒಣ ಮುರುಗಲ ಸಿಪ್ಪೆಯನ್ನು 400 ಮಿಲೀ ಬಿಸಿನೀರಿನಲ್ಲಿ ಎರಡು ಗಂಟೆ ನೆನೆಸಿ, ಕಿವುಚಿ, ಸೋಸಿ ಫ್ರಿಜ್‌ನಲ್ಲಿಡಿ. ಗಾಜು ಅಥವಾ ಸ್ಟೀಲಿನ ಪಾತ್ರೆಯೇ ಆಗಬೇಕು. ಹುಳಿ ಅಲ್ಯೂಮಿನಿಯಂ ತಿನ್ನುತ್ತದೆ. ಸಾರಿಗೆಂದು ಉಪ್ಪು ಸವರಿ ಒಣಗಿಸಿದ ಸಿಪ್ಪೆ ಇದಕ್ಕಾಗದು, ಕೊಳ್ಳುವಾಗ ನಾಲಿಗೆಗೆ ತಾಗಿಸಿ ನೋಡಿ. ಬಾಟಲಿಯ ಕೋಕಂ ಸಿರಪ್ಪಿನಲ್ಲಿ ಸಕ್ಕರೆಯದ್ದೇ ದರಬಾರು; ಬಳಸಲೇಬೇಕಾದರೆ ಬೇರೆ ಸಕ್ಕರೆ ಬಿಟ್ಟು ಲಿಂಬೆ ಸೇರಿಸಿ.

ಎತ್ತರದ ಗ್ಲಾಸಿಗೆ ಕಂಠದವರೆಗೆ ಐಸ್ ತುಂಬಿ. ನೀರಾದೀತೆಂದು ಎರಡೇ ತುಂಡು ಹಾಕುವವರ ಗ್ಲಾಸೇ ಬೇಗ ನೀರಾಗುವುದು. ಐಸ್ ಕಡಿಮೆಯಾದಷ್ಟೂ ಪೇಯ ಬೆಚ್ಚಗಿರುತ್ತದೆ, ಇದ್ದ ತುಂಡು ಬೇಗ ಕರಗುತ್ತದೆ. ಹಿಂದಿನ ರಾತ್ರಿಯೇ ಸ್ಟೀಲ್ ವಾಟಿಗಳಲ್ಲಿ ದಪ್ಪ ಗಡ್ಡೆ ಕಟ್ಟಿಸಿಟ್ಟರೆ ಇನ್ನೂ ಒಳ್ಳೆಯದು. 45 ಮಿಲೀ ಜಿನ್, 30 ಮಿಲೀ ಮುರುಗಲ ರಸ, 15 ಮಿಲೀ ಸಕ್ಕರೆ ಪಾಕ (ಸಕ್ಕರೆ, ನೀರು ಸಮಸಮ), ಒಂದು ಚಿಟಿಕೆ ಉಪ್ಪು. ಹದಿನೈದು ಸೆಕೆಂಡು ತಿರುಗಿಸಿ, ಕೊನೆಗೆ ಫ್ರಿಜ್‌ನಿಂದ ತೆಗೆದ 90 ಮಿಲೀ ಸೋಡಾವನ್ನು ಗ್ಲಾಸಿನ ಒಳಮೈಗೆ ತಾಗಿಸಿ ಸುರಿದು ಒಂದೇ ಸುತ್ತು ಕಲಕಿ. ಅಂದಾಜಿಗೆ ಹೊಯ್ಯಬೇಡಿ, ಕೆಮ್ಮಿನ ಔಷಧಿಯ ಜತೆ ಬರುವ ಅಳತೆ ಮುಚ್ಚಳ ತೊಳೆದಿಟ್ಟುಕೊಂಡರೂ ಸಾಕು. ಮದ್ಯ ಬೇಡದವರಿಗೆ ಜಿನ್ ಜಾಗದಲ್ಲಿ ಅಷ್ಟೇ ಅಳತೆಯ ಖಾರವಾದ ಶುಂಠಿ ಕಷಾಯ ಹಾಕಿ. ಅದರ ಬದಲು ಬರೀ ನೀರು ಹಾಕಿದರೆ ಸಪ್ಪೆ.

ಗೋವಾದ ಗೇರುಹಣ್ಣಿನ ಮದ್ಯ ಫೆನಿಯ ವಾಸನೆ ಶೆಟ್ಲಿಯನ್ನು ನುಂಗಿಬಿಡುತ್ತದೆ, ಈ ಊಟಕ್ಕೆ ಅದು ಬೇಡ. ಪರವಾನಗಿ ಇಲ್ಲದೆ ಗೋವಾದ ಬಾಟಲಿ ತರುವುದು ಅಪರಾಧವೂ ಹೌದು. ಗೋವಾ ಗಡಿಯ ಮಾಜಾಳಿಯಲ್ಲಿ ಅಬಕಾರಿ ತಪಾಸಣೆ ಇದ್ದೇ ಇರುತ್ತದೆ. ವಾಹನ ಓಡಿಸಿಕೊಂಡು ಹೋಗುವವರಿಗೆ ಶುಂಠಿಯ ಗ್ಲಾಸೇ ಕೊಡಿ. 100 ಮಿಲೀ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರ ಮೀರಿದರೆ ಪ್ರಕರಣವಾಗುತ್ತದೆ.

ಬಡಿಸುವ ಕ್ರಮ: ಅಪ್ಪೆಮಿಡಿಯ ಜತೆ ಮೊದಲ ಗ್ಲಾಸು, ಅದರ ಹಿಂದೆಯೇ ತೊರ್ತಿಯಾ. ಅದನ್ನು ತಿನ್ನುತ್ತಿರುವಾಗ ಒಳಗೆ ಬೆಳ್ಳುಳ್ಳಿ ಎಣ್ಣೆಗೆ ಬೀಳಲಿ. ಶೆಟ್ಲಿ ಮೂರನೆಯದು, ಹಸಿವು ಇನ್ನೂ ಇರುವಾಗ. ಬಳಚು, ನೀರುಹಲಸು ಆಮೇಲೆ.

ತಟ್ಟೆಯ ತಳದಲ್ಲಿ ಉಳಿದ ಬೆಳ್ಳುಳ್ಳಿ ಎಣ್ಣೆಯನ್ನು ಆ ರಾತ್ರಿಯೇ ಫ್ರಿಜ್‌ಗೆ ಸೇರಿಸಿ, ಮರುದಿನ ಮೊಟ್ಟೆಗೋ ಪಲ್ಯಕ್ಕೋ ಚೆನ್ನಾಗಿ ಬಿಸಿ ಮಾಡಿ ಬಳಸಿಬಿಡಿ. ಎಣ್ಣೆಯಲ್ಲಿ ಮುಳುಗಿದ ಬೆಳ್ಳುಳ್ಳಿ ಹೊರಗಿದ್ದರೆ ವಾಸನೆಯೇ ಬಾರದೆ ವಿಷವಾಗಬಹುದು. ರಾತ್ರಿಯೆಲ್ಲ ಕಟ್ಟೆಯ ಮೇಲೆ ಉಳಿದದ್ದನ್ನು ಚೆಲ್ಲಿ.